ಬಾಕಿ ಇಲ್ಲದ ಅಂಗಡಿ

ಫೆಬ್ರವರಿ ೯

ಪ್ರೀತಿಯ ಗುಂಡಣ್ಣನಿಗೆ,

ಅಕ್ಕನ ನೆನಪುಗಳು. ಐವತ್ತು ದಾಟಿದ, ಕೈಕೆಳಗೆ ಹತ್ತಾರು ಜನರನ್ನಿಟ್ಟುಕೊಂಡ ಅಧಿಕಾರಿಯನ್ನು ಹೀಗೆ ಕರೆಯಬಾರದೆಂದು ನಿನ್ನ ಹೆಂಡತಿ ಹೋದ ಸಲ ನಗುತ್ತಲೇ ಹೇಳಿದ್ದಳು. ಅದಕ್ಕೇ ಲಕೋಟೆಯ ಮೇಲೆ ನಿನ್ನ ಪೂರ್ತಿ ಹೆಸರು, ಹುದ್ದೆ ಎಲ್ಲ ಬರೆದಿದ್ದೇನೆ. ಲಕೋಟೆಯ ಒಳಗೆ ಮಾತ್ರ ನನ್ನ ದರ್ಬಾರು.

ಹೊಸ ವರ್ಷಕ್ಕೆ ಬರೆಯುತ್ತೇನೆ ಎಂದವಳು ಈಗ ಕೂತಿದ್ದೇನೆ, ಕ್ಷಮಿಸು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ’ ಅನ್ನುತ್ತಿರುತ್ತೀಯ, ನಿನ್ನ ಹಿಂದೆ ಟಿವಿಯಲ್ಲಿ ಯಾರೋ ಗೋಲು ಹೊಡೆದಿರುತ್ತಾರೆ. ಪತ್ರಕ್ಕಾದರೆ ಹೂಂಗುಟ್ಟಲು ಬರುವುದಿಲ್ಲ.

ದೊಡ್ಡ ಡ್ರಮ್ಮು ಹೋಯಿತು. ಅಮ್ಮ ಕೊಂಡ ಒಗೆಯುವ ಯಂತ್ರ. ಅದರ ಗಾಜಿನ ಕಿಟಕಿಗೆ ಮೂಗು ಒತ್ತಿಕೊಂಡು, ಬಟ್ಟೆ ಸುತ್ತುವುದನ್ನು ನೋಡುತ್ತ ನೀನು ಊಟ ಮರೆಯುತ್ತಿದ್ದೆಯಲ್ಲ, ಅದೇ. ಆಸ್ಪತ್ರೆಯ ಹೊದಿಕೆಗಳನ್ನು ತುಂಬಿಕೊಂಡು ಸುತ್ತುತ್ತಿದ್ದಾಗ ಒಳಗೆ ಏನೋ ಕಳಚಿತು, ನೆಲ ನಡುಗಿತು, ಕಪಾಟಿನ ಮೇಲಿದ್ದ ಸೋಪಿನ ಡಬ್ಬಗಳು ಉರುಳಿದವು, ಆಮೇಲೆ ಒಂದೇ ಸಲಕ್ಕೆ ಎಲ್ಲ ನಿಶ್ಶಬ್ದ. ಹೊದಿಕೆಗಳ ತುಂಬ ತುಕ್ಕಿನ ಕಲೆ. ಮೆಕ್ಯಾನಿಕ್ ಬಂದು ಟಾರ್ಚು ಹಾಕಿ ಒಳಗೆ ಇಣುಕಿದ, ಟಾರ್ಚು ಆರಿಸಿದ. ‘ಅಮ್ಮಾ, ಇದನ್ನ ಬಿಚ್ಚಿದ್ರೆ ಮತ್ತೆ ಜೋಡಿಸೋಕೆ ಆಗಲ್ಲ. ಸಾಕಷ್ಟು ದುಡಿದಿದೆ ಪಾಪ, ಒಂದು ನಮಸ್ಕಾರ ಹಾಕಿ ಗುಜರಿಗೆ ಕಳಿಸಿ’ ಅಂದ.

ಆಗಿನಿಂದ ನಿನ್ನ ಭಾವ ಎಲ್ಲವನ್ನೂ ಚಿಕ್ಕ ಯಂತ್ರದಲ್ಲಿ ಸ್ವಲ್ಪ ಸ್ವಲ್ಪವಾಗಿ ಒಗೆಯುತ್ತಿದ್ದಾರೆ. ಮೊದಲು ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಕೆಲಸ ಈಗ ಕತ್ತಲಾದರೂ ಮುಗಿಯುವುದಿಲ್ಲ. ನೆನೆದ ಹೊದಿಕೆ ಎಷ್ಟು ಭಾರವಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿಕೊಂಡಿದ್ದಾರೆ. ‘ಏನ್ರೀ, ಸೊಂಟ ಹೇಗಿದೆ?’ ಅಂದರೆ ‘ಇದೆ’ ಅನ್ನುತ್ತಾರೆ. ಅವರಿಂದ ಅದಕ್ಕಿಂತ ಉದ್ದದ ಉತ್ತರ ನನಗೆ ಮದುವೆಯಾದಾಗಿನಿಂದ ಸಿಕ್ಕಿಲ್ಲ.

ಆಸ್ಪತ್ರೆಯ ಉಸ್ತುವಾರಿ ಹೆಂಗಸು ಒಳ್ಳೆಯವಳು. ‘ವರ್ಷದ ಕೊನೇವರೆಗೂ ನಾನು ಹೇಗೋ ಸುಧಾರಿಸ್ತೀನಿ. ಅಷ್ಟರಲ್ಲಿ ದೊಡ್ಡ ಮಷೀನ್ ಬರದಿದ್ರೆ ಊರಾಚೆಯ ಕಾರ್ಖಾನೆಗೆ ಕೊಡಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ’ ಅಂದಳು. ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಯದೇ. ಅದು ಹೋದರೆ ಬಾಡಿಗೆ ಹುಟ್ಟುವುದಿಲ್ಲ, ಅಂಗಡಿ ಮುಚ್ಚಬೇಕು. ಇಸ್ತ್ರಿ ಮಾಡುವ ನಮ್ಮ ಆವಿರಾಣಿಯೂ ಬೀದಿಗೆ ಬೀಳುತ್ತಾಳೆ. ಇಡೀ ದಿನ ಹಬೆಯ ಮಧ್ಯೆ ಕೆಂಪಗೆ ನಿಂತಿರುವ ಅವಳಿಗೆ ಆ ಹೆಸರಿಟ್ಟವನು ನೀನೇ. ಅವಳು ಈಗ ಅದನ್ನು ಬಿರುದಿನ ಹಾಗೆ ಹೇಳಿಕೊಳ್ಳುತ್ತಾಳೆ.

ಹಾಗಾಗಿ ಬ್ಯಾಂಕಿಗೆ ಹೋದೆ. ಸಾಲದ ಮೇಜಿನಲ್ಲಿ ಒಬ್ಬಳು ಹುಡುಗಿ. ಪ್ರತಿ ಮಾತಿಗೂ ‘ದಯವಿಟ್ಟು’ ಹಾಕುತ್ತಾಳೆ.

‘ದಯವಿಟ್ಟು ಕೂತ್ಕೊಳ್ಳಿ ಮೇಡಂ. ಈಗ ಯಾವ್ಯಾವ ಸಾಲ ಇದೆ?’

‘ಯಾವುದೂ ಇಲ್ಲ.’

‘ಮುಂಚೆ ತೀರಿಸಿದ್ದು?’

‘ತಗೊಂಡಿದ್ರೆ ತಾನೇ ತೀರಿಸೋದು?’

‘ಕ್ರೆಡಿಟ್ ಕಾರ್ಡ್? ಗಾಡಿ? ಫ್ರಿಜ್, ಟಿವಿ, ಏನಾದ್ರೂ ಕಂತಲ್ಲಿ?’

‘ಅಂಗಡೀಲಿ ದುಡ್ಡು ಕೊಟ್ಟು ತಂದ್ವಿ ಮಗಳೇ. ತಪ್ಪಾಯ್ತಾ?’

ಅವಳು ಪರದೆಯನ್ನು ಇನ್ನೊಮ್ಮೆ ನೋಡಿ, ಕಾಯಿಲೆಯ ಸುದ್ದಿ ಹೇಳುವವಳ ಹಾಗೆ ದನಿ ತಗ್ಗಿಸಿದಳು. ‘ನಿಮಗೆ ಹಿಸ್ಟರಿನೇ ಇಲ್ಲ ಮೇಡಂ.’

ಗುಂಡಣ್ಣ, ನನಗೆ ಇತಿಹಾಸವಿಲ್ಲವಂತೆ! ಆ ಬ್ಯಾಂಕು ಕಾಳಿನ ಅಂಗಡಿಯ ಮಹಡಿಯಲ್ಲಿ ಒಂದೇ ಕೋಣೆಯಲ್ಲಿದ್ದ ಕಾಲದಿಂದ ಅದನ್ನು ಬಲ್ಲೆ. ಅದರ ಕಿಟಕಿ ಪರದೆಗಳನ್ನು ಒಗೆದು ಗಂಜಿ ಹಾಕಿ ಕೊಡುತ್ತಿದ್ದವಳು ನಮ್ಮ ಅಮ್ಮ. ದುಡ್ಡು ಕೇಳಲು ಎರಡು ಜಡೆ ಹಾಕಿಕೊಂಡು ಮಹಡಿ ಹತ್ತುತ್ತಿದ್ದವಳು ನಾನು. ‘ಮುಂದಿನ ತಿಂಗಳು ಬಾ ಮರಿ, ಮೇಲಿನ ಕಚೇರಿಯಿಂದ ಮಂಜೂರಾಗಿಲ್ಲ’ ಎಂದು ಕಳಿಸುತ್ತಿದ್ದರು. ಸಾಲ ಕೊಡುವ ಸಂಸ್ಥೆ ಪರದೆ ಒಗೆಸಿದ್ದನ್ನು ಒಬ್ಬ ಅಗಸಗಿತ್ತಿಯ ಹತ್ತಿರ ಸಾಲ ಹೇಳುತ್ತಿತ್ತು. ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಅವಳು ಕೇಳಿದಳು, ಪಾಪ ಗೌರವದಿಂದಲೇ ಕೇಳಿದಳು. ಆಮೇಲೆ, ‘ಅದಕ್ಕೆ ಏನಾದ್ರೂ ದಾಖಲೆ ಇದೆಯಾ ಮೇಡಂ?’ ಅಂದಳು.

ಅಮ್ಮನ ಕಟ್ಟಳೆ ನಿನಗೆ ನೆನಪಿರಬಹುದು. ಯಾರದೇ ಬಾಕಿ ಇಟ್ಟುಕೊಂಡು ಅಂಗಡಿ ಬಾಗಿಲು ಎಳೆಯಬಾರದು. ಸೋಡಾ ಪುಡಿಯವನು, ಸೌದೆಯವನು, ಗುಂಡಿ ಹೊಲಿಯುವ ಮುದುಕಿ, ಎಲ್ಲರ ದುಡ್ಡೂ ಸಂಜೆಗೆ ಚುಕ್ತಾ. ಆಮೇಲೆ ಬೀಗ. ಅಮ್ಮ ಹೋದ ಮೇಲೂ ನಾವು ಹಾಗೇ ಮಾಡಿಕೊಂಡು ಬಂದೆವು. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಬ್ಯಾಂಕಿನ ಲೆಕ್ಕದಲ್ಲಿ ಅದರ ಹೆಸರು ಸೊನ್ನೆ. ಗ್ರಂಥಾಲಯದಿಂದ ಬ್ಯಾಂಕಿಂಗ್ ಬಗ್ಗೆ ಎರಡು ದಪ್ಪ ಪುಸ್ತಕ ತಂದು ಬಾಯ್ಲರ್ ಪಕ್ಕ ಕೂತು ಓದಿದೆ. ವಿಶ್ವಾಸವೇ ಸಾಲದ ಬುನಾದಿ ಎಂದು ಮೊದಲ ಅಧ್ಯಾಯದಲ್ಲೇ ಇದೆ. ಆ ಅಧ್ಯಾಯವನ್ನು ಬ್ಯಾಂಕಿನವರು ಪರೀಕ್ಷೆಗೆ ಓದದೆ ಬಿಟ್ಟಿರಬೇಕು.

ಕೊನೆಗೆ ಹುಡುಗಿ ಒಂದು ದಾರಿ ಹೇಳಿಕೊಟ್ಟಳು. ನಮ್ಮ ಉಳಿತಾಯದಿಂದ ಒಂದು ಠೇವಣಿ ಇಡಬೇಕು. ಆ ಠೇವಣಿಯ ಮೇಲೆ ಒಂದು ಕ್ರೆಡಿಟ್ ಕಾರ್ಡು ಕೊಡುತ್ತಾರೆ. ಅದರಲ್ಲಿ ಐದಾರು ತಿಂಗಳು ಅಂಗಡಿಯ ಸಾಮಾನು ಕೊಂಡು, ದುಡ್ಡು ಸರಿಯಾಗಿ ಕಟ್ಟುತ್ತ ಬಂದರೆ ನನಗೂ ಒಂದು ಸ್ಕೋರು ಹುಟ್ಟುತ್ತದೆ. ಆಮೇಲೆ ಯಂತ್ರಕ್ಕೆ ಸಾಲ. ‘ಅಂದ್ರೆ ನನ್ನ ದುಡ್ಡನ್ನೇ ನೀವು ಬೀಗ ಹಾಕಿಟ್ಟು ನನಗೇ ಸಾಲ ಕೊಡ್ತೀರಿ’ ಅಂದೆ. ‘ದಯವಿಟ್ಟು ಹಾಗೆ ಅಂದ್ಕೋಬೇಡಿ’ ಅಂದಳು. ಹಾಗಲ್ಲ ಎಂದು ಮಾತ್ರ ಹೇಳಲಿಲ್ಲ.

ಒಪ್ಪಿಕೊಂಡು ಬಂದೆ. ಜಗಳವಾಡುವ ಶಕ್ತಿ ಮೊದಲಿನಷ್ಟಿಲ್ಲ. ನಿನ್ನ ರಕ್ತದೊತ್ತಡ ನೋಡಿಕೋ, ಉಪ್ಪು ಕಡಿಮೆ ಮಾಡು. ಮನೆಯಲ್ಲಿ ಎಲ್ಲರಿಗೂ ನನ್ನ ಹಾರೈಕೆ.

ನಿನ್ನ
ಅಕ್ಕ

ಬರೆಯಲು ಮರೆತದ್ದು: ನಿನ್ನ ಬೂದು ಬಣ್ಣದ ಕೋಟು ಇನ್ನೂ ನಮ್ಮ ಗೋಡೆಯ ಮೊಳೆಯಲ್ಲೇ ಇದೆ. ಮೊದಲ ಕೆಲಸಕ್ಕೆ ಸೇರಿದಾಗ ಹೊಲಿಸಿದ್ದು. ವರ್ಷಕ್ಕೊಮ್ಮೆ ಒಗೆದು ಅಲ್ಲೇ ತಗುಲಿಹಾಕುತ್ತೇನೆ. ಯಾರ ಬಟ್ಟೆಯೆಂದು ತಿಳಿಯಲು ಕಾಲರಿನ ಒಳಗೆ ಹೊಲಿದ ನಿನ್ನ ಗುರುತಿನ ಹಸಿರು ನೂಲು ಇನ್ನೂ ಗಟ್ಟಿಯಾಗಿದೆ. ಯಾವಾಗ ಬಂದು ಒಯ್ಯುತ್ತೀ? ಹೊಟ್ಟೆಯ ಹತ್ತಿರ ಗುಂಡಿ ಬೀಳುವುದಿಲ್ಲ ಅನ್ನುವುದು ನನಗೂ ಗೊತ್ತು.

*

ಆಗಸ್ಟ್ ೨೧

ಪ್ರೀತಿಯ ಗುಂಡಣ್ಣನಿಗೆ,

ಹೇಗಿದ್ದೀಯಪ್ಪ? ಉತ್ತರ ಬರೆಯುವುದಕ್ಕೆ ಇಷ್ಟು ತಿಂಗಳು ಹಿಡಿಸಿದ್ದಕ್ಕೆ ಬೈದುಕೋ. ರಾತ್ರಿ ಪೆನ್ನು ಹಿಡಿದರೆ ಕೈ ಬೆರಳುಗಳು ಇನ್ನೂ ಹೊದಿಕೆ ಹಿಂಡುತ್ತಿರುವ ಹಾಗೇ ಮಡಚಿಕೊಂಡಿರುತ್ತವೆ.

ನನ್ನ ಇತಿಹಾಸ ಎಷ್ಟು ಮುಂದುವರಿಯಿತು ಎಂದು ಫೋನಿನಲ್ಲಿ ಕೇಳಿದ್ದೆಯಲ್ಲ, ಹೇಳುತ್ತೇನೆ, ನಗಬೇಡ. ಇಲ್ಲ, ನಗು. ಆವಿರಾಣಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಬೆಂಚಿನ ಮೇಲೆ ಕೂತು ನಕ್ಕಳು.

ಕಾರ್ಡು ಮಾರ್ಚಿನಲ್ಲಿ ಬಂತು. ನಿನ್ನ ಭಾವ ಅದನ್ನು ಒದ್ದೆ ಫೋಟೋ ಹಿಡಿಯುವ ಹಾಗೆ ಅಂಚು ಹಿಡಿದು ನೋಡಿದರು. ಸೋಪು, ಸೋಡಾ, ಬಿಳುಪು ಮಾಡುವ ದ್ರಾವಣ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಅದರಲ್ಲೇ ಕೊಂಡೆವು. ಅಂಗಡಿಯವನು ಯಂತ್ರಕ್ಕೆ ಕಾರ್ಡು ಉಜ್ಜುತ್ತಾನೆ, ಸಾಮಾನು ಕೊಡುತ್ತಾನೆ, ನಾವು ದುಡ್ಡು ಕೊಡದೆ ಬರುತ್ತೇವೆ. ಮೊದಲ ದಿನ ನಿನ್ನ ಭಾವ ಬೀದಿಯ ತಿರುವಿನವರೆಗೂ ಹಿಂದೆ ತಿರುಗಿ ನೋಡುತ್ತ ಬಂದರು, ಯಾರಾದರೂ ಕೂಗಿ ಕರೆಯುತ್ತಾರೇನೋ ಎಂದು.

ಸಂಜೆ ಬಾಗಿಲು ಎಳೆಯುವ ಹೊತ್ತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಕಿ ಇದೆ. ಬಾಗಿಲು ಹೇಗೆ ಹಾಕುವುದು? ನಿನ್ನ ಭಾವ ಚಪ್ಪಲಿ ಮೆಟ್ಟಿ ಹೊರಟರು. ಬ್ಯಾಂಕಿನ ಬಾಗಿಲಲ್ಲಿ ದುಡ್ಡು ಕಟ್ಟುವ ಯಂತ್ರವೊಂದಿದೆ, ಅದಕ್ಕೆ ಆ ದಿನದ ಅಷ್ಟೂ ಹಣ ತುಂಬಿ ಬಂದರು. ಆಮೇಲೆ ಬೀಗ ಹಾಕಿದೆವು. ಮುಂದಿನ ಸಲವೂ ಹಾಗೆ. ಪ್ರತಿ ಸಲವೂ ಹಾಗೆ. ಸೊಂಟ ನೋವಿದ್ದ ದಿನ ಅವರ ಬದಲು ನಾನು ಹೋದೆ. ನಾವು ಎಷ್ಟು ಪ್ರಾಮಾಣಿಕರು ಎಂದು ಕಂಪ್ಯೂಟರಿಗೆ ಗೊತ್ತಾಗುತ್ತಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಐದು ತಿಂಗಳಾದ ಮೇಲೆ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬ್ಯಾಂಕಿಗೆ ಹೋದೆ. ‘ದಯವಿಟ್ಟು’ ಹುಡುಗಿ ಪರದೆ ನೋಡಿದಳು. ಮೂಗು ಕೆರೆದುಕೊಂಡಳು.

‘ಮೇಡಂ, ನೀವು ಕಾರ್ಡ್ ಯೂಸೇ ಮಾಡಿಲ್ವಲ್ಲ.’

‘ಮಾಡಿಲ್ವಾ? ನಿಮ್ಮ ಕಾರ್ಡಿನ ಮೂಲೆ ಸವೆದುಹೋಗಿದೆ ನೋಡು!’

ಆಗ ಅವಳು ಬಿಡಿಸಿ ಹೇಳಿದಳು. ತಿಂಗಳಿಗೊಮ್ಮೆ ಬಿಲ್ಲು ತಯಾರಾಗುತ್ತದಂತೆ. ಆ ದಿನ ಎಷ್ಟು ಬಾಕಿ ಇರುತ್ತದೋ ಅದು ಮಾತ್ರ ಸ್ಕೋರು ಹಾಕುವವರಿಗೆ ಹೋಗುತ್ತದಂತೆ. ನಮ್ಮದು ಪ್ರತಿ ತಿಂಗಳೂ ಸೊನ್ನೆ. ‘ಬಿಲ್ ಬರೋ ಮುಂಚೆನೇ ಯಾಕೆ ಕಟ್ಟಿದ್ರಿ ಮೇಡಂ? ಯಾರೂ ಹಾಗೆ ಮಾಡಲ್ಲ.’ ಬಾಗಿಲು ಹಾಕಬೇಕಿತ್ತು ಮಗಳೇ, ಎಂದು ಹೇಳಿದರೆ ಅವಳಿಗೆ ಏನು ಅರ್ಥವಾಗುತ್ತಿತ್ತು?

ಸಾಲ ಮಾಡಿ ಸತಾಯಿಸಿದವನಿಗೂ ಒಂದು ಸ್ಕೋರಿದೆಯಂತೆ, ಕಡಿಮೆಯಾದರೂ ಇದೆಯಂತೆ. ಈ ಬೀದಿಯ ಕೊನೆಯಲ್ಲಿ ಪೀಠೋಪಕರಣದ ಅಂಗಡಿ ಇಟ್ಟು, ಬಡಗಿಗಳಿಗೆ ಕೂಲಿ ಕೊಡದೆ ಪರಾರಿಯಾಗಿದ್ದ ಮಹಾಶಯ ಈಗ ಹೊಸ ಹೆಸರಿನಲ್ಲಿ ಹೊಸ ಸಾಲದಲ್ಲಿ ಹೊಸ ಅಂಗಡಿ ತೆರೆದಿದ್ದಾನೆ. ಬ್ಯಾಂಕಿನವರು ಮರೆತಿದ್ದಾರೆ. ನಾನು ಮರೆತಿಲ್ಲ. ಆ ಬಡಗಿಗಳಲ್ಲೊಬ್ಬ ತನ್ನ ಹೆಂಡತಿಯ ಬಟ್ಟೆ ಬಿಡಿಸಿಕೊಳ್ಳಲು ಆಗದೆ ನಮ್ಮ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ.

ಖಾಸಗಿ ಫೈನಾನ್ಸಿನವನೊಬ್ಬ ಅಂಗಡಿಗೇ ಬಂದ. ಘಮಘಮ ಅನ್ನುವ ಮನುಷ್ಯ. ‘ಆಂಟಿ, ಐದೇ ನಿಮಿಷ, ಸಹಿ ಹಾಕಿ, ದುಡ್ಡು ಎಣಿಸ್ಕೊಳ್ಳಿ’ ಅಂದ. ನಾನು ಕನ್ನಡಕ ಹಾಕಿಕೊಂಡು ಕಾಗದದ ಹಿಂಬದಿಯ ಸಣ್ಣಕ್ಷರ ಓದತೊಡಗಿದೆ. ಅವನು ಮೊದಲು ಕಾಲು ಅಲ್ಲಾಡಿಸಿದ, ಆಮೇಲೆ ಗಡಿಯಾರ ನೋಡಿದ, ಆಮೇಲೆ ‘ಅದನ್ನೆಲ್ಲ ಯಾರೂ ಓದಲ್ಲ ಆಂಟಿ’ ಅಂದ. ‘ನಿಮ್ಮ ಬಡ್ಡೀಲಿ ಒಂದು ಮಷೀನ್ ಕೊಳ್ಳೋಕೆ ಎರಡು ಮಷೀನಿನ ದುಡ್ಡು ಕಟ್ಟಬೇಕಾಗತ್ತಪ್ಪ. ಆ ಎರಡನೇದನ್ನ ಯಾರ ಮನೇಲಿ ಇಡ್ತೀರಿ?’ ಅಂದೆ. ಆವಿರಾಣಿ ಬೇಕೆಂದೇ ಅವನ ಕಡೆ ಹಬೆ ಬಿಟ್ಟಳು. ಘಮವೆಲ್ಲ ಇಳಿದು ಹೋಯಿತು.

ಈಗ ನಿಜವಾದ ವಿಷಯ. ಇದನ್ನು ಬರೆಯಲು ಇಷ್ಟು ಹೊತ್ತು ಸುತ್ತಿದೆ.

ಬ್ಯಾಂಕಿನವರು ಒಂದು ಬಾಗಿಲು ತೆರೆದಿದ್ದಾರೆ. ಸಂಬಳದ ಕೆಲಸದಲ್ಲಿರುವವರು, ಇಲ್ಲವೇ ಸ್ವಂತ ಕಟ್ಟಡವಿರುವವರು ಒಬ್ಬರು ಜಾಮೀನು ನಿಂತರೆ ಯಂತ್ರಕ್ಕೆ ಸಾಲ ಕೊಡುತ್ತಾರೆ. ನಾನು ಕಂತು ತಪ್ಪಿಸಿದರೆ ಆ ಮನುಷ್ಯನನ್ನು ಕೇಳುತ್ತಾರೆ. ನಿನ್ನ ಭಾವ, ನಾನು ಕೂತು ಲೆಕ್ಕ ಹಾಕಿದ್ದೇವೆ. ಆಸ್ಪತ್ರೆಯ ಕೆಲಸವೊಂದರಿಂದಲೇ ಕಂತು ಹೊರಡುತ್ತದೆ, ಬೇರೆ ಬಟ್ಟೆಗಳಿಂದ ಮನೆ ನಡೆಯುತ್ತದೆ. ಲೆಕ್ಕದ ಹಾಳೆಯನ್ನೂ ಜಾಮೀನಿನ ಅರ್ಜಿಯನ್ನೂ ಇದರೊಂದಿಗೆ ಇಟ್ಟಿದ್ದೇನೆ. ನೀನು ಸಹಿ ಹಾಕುತ್ತೀಯಾ?

ಓದದೆ ಹಾಕಬೇಡ. ಹೆಂಡತಿಯನ್ನು ಕೇಳದೆ ಹಾಕಬೇಡ. ಮನಸ್ಸಿಲ್ಲದಿದ್ದರೆ ಆಗುವುದಿಲ್ಲ ಎಂದು ನೇರವಾಗಿ ಹೇಳು. ನಾನು ಖಂಡಿತ ಬೇಸರ ಮಾಡಿಕೊಳ್ಳುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ವಾರ ಮುಖ ಊದಿಸಿಕೊಂಡು ಆಮೇಲೆ ಸರಿಹೋಗುತ್ತೇನೆ. ನನ್ನ ಕೋಪ ಎಷ್ಟು ದಿನದ್ದೆಂದು ನಿನಗೆ ಗೊತ್ತು.

ಎಲ್ಲರೂ ಚೆನ್ನಾಗಿರಿ.

ನಿನ್ನ
ಅಕ್ಕ

ಬರೆಯಲು ಮರೆತದ್ದು: ಬೇರೆ ಯಾರನ್ನೂ ಕೇಳಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ.

*

ನವೆಂಬರ್ ೩೦

ಪ್ರೀತಿಯ ತಮ್ಮನಿಗೆ,

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ನೀನು ಫೋನ್ ಮಾಡಿದಾಗಲೆಲ್ಲ ಆವಿರಾಣಿ ‘ಅಕ್ಕಾವ್ರು ಒಳಗಿದಾರೆ, ಕೈ ಒದ್ದೆ’ ಅನ್ನುತ್ತಿದ್ದಳು. ಕೈ ಒದ್ದೆಯಿದ್ದದ್ದು ನಿಜ. ತಡವಾದದ್ದಕ್ಕೆ ಕ್ಷಮೆಯಿರಲಿ.

ಯಂತ್ರ ಬಂತು. ಬಾಗಿಲಿನ ಚೌಕಟ್ಟು ಬಿಚ್ಚಿ ಒಳಗೆ ತಂದರು. ಹಳೆಯ ಡ್ರಮ್ಮಿನ ಜಾಗದಲ್ಲೇ ನಿಂತಿದೆ, ಅದರ ಅರ್ಧದಷ್ಟೂ ಗದ್ದಲವಿಲ್ಲ. ಮೊದಲ ದಿನ ನಿನ್ನ ಭಾವ ಅದರ ಮುಂದೆ ಸ್ಟೂಲು ಹಾಕಿಕೊಂಡು, ಕೈ ಮೊಣಕಾಲ ಮೇಲಿಟ್ಟು ಇಡೀ ಒಂದು ಸುತ್ತು ಮುಗಿಯುವವರೆಗೂ ನೋಡುತ್ತ ಕೂತಿದ್ದರು. ‘ಹೇಗಿದೆ?’ ಅಂದೆ. ‘ಪರವಾಗಿಲ್ಲ, ಚೆನ್ನಾಗಿ ಒಗೆಯತ್ತೆ’ ಅಂದರು. ನಾನೂ ಆವಿರಾಣಿಯೂ ಬೆಚ್ಚಿ ಅವರ ಕಡೆ ತಿರುಗಿದೆವು. ಆಸ್ಪತ್ರೆಯ ಉಸ್ತುವಾರಿಯವಳು ಬಂದು ಹೊದಿಕೆಯ ಅಂಚು ಮುಟ್ಟಿ ನೋಡಿ ತಲೆಯಾಡಿಸಿ ಹೋದಳು. ಕೆಲಸ ನಮ್ಮಲ್ಲೇ ಉಳಿಯಿತು.

ನೀನು ಸೆಪ್ಟೆಂಬರಿನಲ್ಲಿ ಕಳಿಸಿದ ಹಣ ಚಿಕ್ಕದಲ್ಲ. ಯಂತ್ರದ ಬೆಲೆಯ ಮುಕ್ಕಾಲು ಪಾಲು. ಅಷ್ಟನ್ನು ಎತ್ತಿ ಕೊಡಲು ಯಾರಿಗೂ ಸುಲಭವಲ್ಲ. ನೀನು ಏನೇನು ಮುಂದೂಡಿದೆಯೋ. ಅದು ಬಂದ ವಾರವೇ ವಾಪಸ್ ಕಳಿಸಿದೆ. ಯಾಕೆಂದು ನೀನು ಕೇಳಿದಾಗ ‘ಬೇರೆ ವ್ಯವಸ್ಥೆ ಆಗಿದೆ’ ಎಂದು ಆವಿರಾಣಿಯ ಕೈಲಿ ಹೇಳಿಸಿದ್ದೆನಲ್ಲ, ಆ ವ್ಯವಸ್ಥೆ ಏನೆಂದು ಹೇಳುತ್ತೇನೆ. ನೀನು ನಂಬುವುದಿಲ್ಲ. ಎದುರಂಗಡಿಯ ಟೈಲರ್.

ಹೌದು, ಅವರೇ. ಅವರು ಹೊಲಿದ ಮದುವೆಯ ಕೋಟನ್ನು ನಮ್ಮಲ್ಲಿ ಇಸ್ತ್ರಿ ಮಾಡುವಾಗ ಬೆನ್ನಿನ ಮೇಲೆ ಸುಟ್ಟ ಹಾಗೆ ಹೊಳಪು ಎದ್ದು ದೊಡ್ಡ ರಂಪವಾಗಿತ್ತಲ್ಲ. ಅಂದಿನಿಂದ ನಮ್ಮ ಕಡೆಯ ಕಿಟಕಿಗೆ ಪರದೆ ಎಳೆದುಕೊಂಡು ಹೊಲಿಯುತ್ತಿದ್ದ ಮನುಷ್ಯ. ಆವಿರಾಣಿ ಯಾವುದೋ ರವಿಕೆ ಹೊಲಿಸಲು ಹೋದವಳು ನಮ್ಮ ಬ್ಯಾಂಕಿನ ಪುರಾಣವನ್ನು ಅಲ್ಲಿ ಬಿಚ್ಚಿದ್ದಾಳೆ. ಒಂದು ಮಧ್ಯಾಹ್ನ ಕೊರಳಲ್ಲಿ ಅಳತೆ ಪಟ್ಟಿ ನೇತಾಡಿಸಿಕೊಂಡು ರಸ್ತೆ ದಾಟಿ ಬಂದರು. ಹೊಸಿಲ ಹೊರಗೇ ನಿಂತರು.

‘ಏನ್ರೀ, ಬ್ಯಾಂಕಿನೋರು ನಿಮ್ಮನ್ನ ನಂಬಲ್ಲ ಅಂದ್ರಂತೆ?’

‘ಯಾಕೆ, ಖುಷಿಯಾಯ್ತಾ?’

‘ಆಯ್ತು. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಸಿಟ್ಟು ಬಂತು. ಈ ಬೀದೀಲಿ ನಿಮ್ಮನ್ನ ಬಯ್ಯೋ ಹಕ್ಕಿರೋದು ನನಗೊಬ್ಬನಿಗೆ. ಅವರ್ಯಾರು ಮಧ್ಯೆ? ಎಲ್ಲಿ ಆ ಕಾಗದ?’

ಅವರ ಅಂಗಡಿಯ ಕಟ್ಟಡ ಅವರದೇ. ಬ್ಯಾಂಕಿಗೆ ಅಷ್ಟು ಸಾಕಿತ್ತು. ನಾನು ಅವರನ್ನು ಒಳಗೆ ಕರೆದು, ಅರ್ಜಿಯನ್ನು ಮೇಜಿನ ಮೇಲಿಟ್ಟು, ‘ಮೊದಲು ಓದಿ. ನಾನು ಕಂತು ಕಟ್ಟದಿದ್ರೆ ನಿಮ್ಮ ಅಂಗಡಿಗೆ ಬರ್ತಾರೆ’ ಅಂದೆ.

‘ನೀವು ಓದಿದೀರಾ?’

‘ಓದಿದೀನಿ.’

‘ಹಿಂದಿನ ಸಣ್ಣಕ್ಷರ?’

‘ಅದನ್ನೂ.’

‘ಹಾಗಾದ್ರೆ ನಾನ್ಯಾಕೆ ಇರೋ ಕಣ್ಣನ್ನ ಹಾಳು ಮಾಡ್ಕೊಳ್ಳಲಿ? ಪೆನ್ನು ಕೊಡಿ.’

ಸಹಿ ಹಾಕಿ, ಪೆನ್ನನ್ನು ಸೂಜಿ ಸಿಕ್ಕಿಸುವ ಅಭ್ಯಾಸದಲ್ಲಿ ತಮ್ಮ ಅಂಗಿಗೇ ಸಿಕ್ಕಿಸಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, ‘ಕೋಟಿನ ವಿಷಯ ಬೇರೆ. ಅದು ಮುಗಿದಿಲ್ಲ’ ಅಂದರು.

‘ಮುಗಿದಿಲ್ಲ. ಬಟ್ಟೆ ಕಳಪೆ ಇತ್ತು.’

‘ಇಸ್ತ್ರಿ ಕಳಪೆ ಇತ್ತು!’

ಈಗ ಅವರ ಕಿಟಕಿಯ ಪರದೆ ಅರ್ಧ ಸರಿದಿದೆ. ಪೂರ್ತಿ ಸರಿಸಿದರೆ ಸೋತಂತಾಗುತ್ತದೆ ಎಂದು ಹಾಗೆ ಬಿಟ್ಟಿರಬೇಕು.

ಕಾರ್ಡನ್ನೂ ಈಗ ಸರಿಯಾಗಿ ಉಪಯೋಗಿಸುವುದು ಕಲಿತಿದ್ದೇನೆ. ಕೊಂಡ ದಿನ ಕಟ್ಟುವುದಿಲ್ಲ. ಬಿಲ್ಲು ಬರುವವರೆಗೂ ಕಾಯುತ್ತೇನೆ. ಬಾಕಿ ಇಟ್ಟುಕೊಂಡೇ ಬಾಗಿಲು ಎಳೆಯುತ್ತೇನೆ. ಯಂತ್ರದ ಕಂತಂತೂ ಇನ್ನೂ ಐದು ವರ್ಷ, ಅಷ್ಟು ದಿನವೂ ಬಾಕಿಯೇ. ಬೀಗ ಹಾಕುವಾಗ ಅಮ್ಮ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡ ಹಾಗಾಗುತ್ತದೆ. ‘ದಯವಿಟ್ಟು’ ಹುಡುಗಿ ಮೊನ್ನೆ ತಾನೇ ಫೋನ್ ಮಾಡಿ, ‘ಕಂಗ್ರಾಟ್ಸ್ ಮೇಡಂ, ನಿಮಗೆ ಸ್ಕೋರ್ ಬಂದಿದೆ’ ಅಂದಳು. ಎಷ್ಟೆಂದು ಕೇಳಲಿಲ್ಲ. ಸುಸ್ತಾಗಿತ್ತು.

ಚಳಿ ಶುರುವಾಗಿದೆ, ಬೆಚ್ಚಗಿರು. ನಿನ್ನ ಮನೆಯ ಮೇಲೆ ಒಳ್ಳೆಯ ಬೆಳಕಿರಲಿ.

ಅಕ್ಕ

ಬರೆಯಲು ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಹಣ ವಾಪಸ್ ಕಳಿಸಿದ ದಿನ ಬೇರೆ ಯಾವ ವ್ಯವಸ್ಥೆಯೂ ಆಗಿರಲಿಲ್ಲ. ಟೈಲರ್ ಬಂದದ್ದು ಅದಾಗಿ ಎಷ್ಟೋ ದಿನಗಳ ಮೇಲೆ. ‘ಇಟ್ಕೊಳ್ಳೋಣ ಕಣೇ, ಸೊಂಟ ಬಿದ್ದು ಹೋಗತ್ತೆ’ ಎಂದು ನಿನ್ನ ಭಾವ ಮೊದಲ ಸಲ ಬಾಯಿಬಿಟ್ಟು ಕೇಳಿದ್ದರು. ಆದರೂ ಕಳಿಸಿದೆ.

ನಿನ್ನ ಲಕೋಟೆಯಲ್ಲಿ ಚೆಕ್ಕಿನ ಜೊತೆ ನನ್ನ ಅರ್ಜಿಯೂ ಇತ್ತು, ನಾನು ಮಡಚಿದ್ದ ಮಡಿಕೆಯಲ್ಲೇ, ಖಾಲಿ. ಜೊತೆಗೆ ಒಂದು ಸಾಲು: ‘ಸಹಿಯ ಗೊಡವೆ ಬೇಡ ಅಕ್ಕ, ಇದನ್ನು ಇಟ್ಟುಕೋ, ವಾಪಸ್ ಕೊಡುವ ಯೋಚನೆ ಮಾಡಬೇಡ.’ ನೀನು ಪ್ರೀತಿಯಿಂದಲೇ ಬರೆದೆ, ಗೊತ್ತು. ಅದೇ ಕಷ್ಟ. ಆಗುವುದಿಲ್ಲ ಎಂದಿದ್ದರೆ ಒಂದು ವಾರದಲ್ಲಿ ಸರಿಹೋಗುತ್ತಿದ್ದೆ. ಆದರೆ ನೀನು ಲೆಕ್ಕದ ಹಾಳೆ ನೋಡಿದೆ, ಅಕ್ಕ ಕಟ್ಟಲಾರಳು ಎಂದು ತೀರ್ಮಾನಿಸಿದೆ, ಮುಳುಗುವ ಹಣವನ್ನು ಮುಳುಗಿದ್ದೆಂದೇ ಬರೆದು ಕಳಿಸಿದೆ. ನೀನು ಕೈಬಿಡಬಲ್ಲಷ್ಟನ್ನು ಕೊಟ್ಟೆ. ನಾನು ಕೇಳಿದ್ದು ಅದನ್ನಲ್ಲ.

ಬ್ಯಾಂಕಿನ ಹುಡುಗಿ ಇತಿಹಾಸವಿಲ್ಲ ಅಂದಾಗ ಸಿಟ್ಟು ಬಂದಿತ್ತು, ಅವಳಿಗೆ ನಾನು ಯಾರೆಂದು ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಿನಗೆ ಗೊತ್ತಿತ್ತು ತಮ್ಮ. ನಾನು ತೆಗೆದುಕೊಂಡು ವಾಪಸ್ ಕೊಡದ ಒಂದೇ ಒಂದು ವಸ್ತು ನಿನ್ನ ನೆನಪಿನಲ್ಲಿದ್ದರೆ ಬರೆದು ತಿಳಿಸು.

ನಿನ್ನ ಕೋಟನ್ನು ಅಂಚೆಯಲ್ಲಿ ಕಳಿಸಿಬಿಡೋಣವೆಂದು ಇವತ್ತು ಕಾಗದ ಸುತ್ತಿ ದಾರ ಕಟ್ಟಿದ್ದೆ. ಆಮೇಲೆ ಬಿಚ್ಚಿ ಅದೇ ಮೊಳೆಗೆ ತಗುಲಿಹಾಕಿದೆ. ನಮ್ಮ ಅಂಗಡಿಯಲ್ಲಿ ಬಟ್ಟೆ ಕೊಟ್ಟವರೇ ಬಂದು ಒಯ್ಯಬೇಕು.